ಶಾಸ್ತ್ರವಿಲ್ಲದ ಮಿಷನ್ನು

ನಮ್ಮ ಮನೆಯ ಏರ್ ಫ್ರೈಯರಿನ ಡ್ರಾಯರ್ ಎಳೆದರೆ ಒಂದು ವಾಸನೆ ಬರುತ್ತದೆ. ಯಾವುದೋ ಒಂದು ತಿಂಡಿಯ ವಾಸನೆಯಲ್ಲ. ಇಂಗು, ಓಮ, ತುಸು ಸೀದ ಒಣಕೊಬ್ಬರಿ, ಈಗ ಅವರೆ ಕಾಲವಾದ್ದರಿಂದ ಎಲ್ಲದರ ಮೇಲೆ ಒಂದಿಷ್ಟು ಸೊಗಡು. ಎಷ್ಟು ಉಜ್ಜಿ ತೊಳೆದರೂ ಹೋಗುವುದಿಲ್ಲ. ನಾಡಿದ್ದು ನನ್ನ ಮೊಮ್ಮಗನ ನಾಮಕರಣ. ಅಡುಗೆಮನೆಯ ಕಟ್ಟೆಯ ಮೇಲೆ ಜಾಗ ಬೇಕಿತ್ತು. ಅದಕ್ಕೇ ಇವತ್ತು ಬೆಳಿಗ್ಗೆ ಮಿಷನ್ನನ್ನು ಎತ್ತಿ ಬೇರೆ ಕಡೆ ಇಡೋಣವೆಂದು ಹೋದವಳು, ಡ್ರಾಯರ್ ಎಳೆದು ಮೂಸುತ್ತಾ ಅಲ್ಲೇ ನಿಂತುಬಿಟ್ಟೆ. ನೀರು ಕುಡಿಯಲು ಬಂದ ನಮ್ಮ ಯಜಮಾನರು ನನ್ನ ಮುಖ ನೋಡಿ, "ಏನು, ಕೆಟ್ಟೋಯ್ತಾ?" ಅಂದರು. ಇಲ್ಲ ಅಂದೆ. ಐವತ್ತು ದಾಟಿದ ಹೆಂಗಸು ಒಂದು ಕರೀ ಡಬ್ಬವನ್ನು ಮೂಸಿ ಕಣ್ಣೊರೆಸಿಕೊಳ್ಳುವುದಕ್ಕೆ ಅವಸರದಲ್ಲಿರುವ ಗಂಡಸಿಗೆ ಏನು ಕಾರಣ ಹೇಳುವುದು? ನಿಮಗಾದರೆ ನಿಧಾನವಾಗಿ ಹೇಳಬಹುದು. ಕೂತುಕೊಳ್ಳಿ.

ನನಗೆ ಅಡುಗೆ ಅಷ್ಟಕ್ಕಷ್ಟೇ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಸಾರು, ಮುದ್ದೆ, ಪಲ್ಯ ಮಾಡುತ್ತೇನೆ, ಹಸಿದವರು ತಿನ್ನುತ್ತಾರೆ. ಮದುವೆಯಾಗಿ ನೆಲಮಂಗಲದಿಂದ ದೊಡ್ಡಬಳ್ಳಾಪುರದ ಈ ಮನೆಗೆ ಬಂದಾಗ ನನಗೆ ಆಗಲೇ ಹೈಸ್ಕೂಲೊಂದರ ಆಫೀಸಿನಲ್ಲಿ ಕೆಲಸವಿತ್ತು. ನಮ್ಮತ್ತೆ ಹೊಂಬಾಳಮ್ಮ ಮೊದಲನೇ ವಾರವೇ ತೀರ್ಮಾನ ಹೇಳಿದರು: "ನೀನು ಕೆಲ್ಸಕ್ಕೆ ಹೋಗ್ ಬಾರಮ್ಮ, ಒಲೆ ನಾನು ನೋಡ್ಕೊತೀನಿ." ಎಂಥ ದೊಡ್ಡ ಮನಸ್ಸು ಅಂದುಕೊಂಡೆ. ದೊಡ್ಡ ಮನಸ್ಸೇನೋ ಹೌದು. ಆದರೆ ಅದರ ಹಿಂದಿನ ದಿನ ನಾನು ಕಲಸಿಟ್ಟ ಚಪಾತಿ ಹಿಟ್ಟನ್ನು ಅವರು ಬೆರಳಿನಿಂದ ಒತ್ತಿ ನೋಡಿ, ಏನೂ ಅನ್ನದೆ, ಮುಚ್ಚಳ ಮುಚ್ಚಿದ್ದನ್ನೂ ನಾನು ನೋಡಿದ್ದೆ.

ಅತ್ತೆ ಎಲ್ಲ ಅಡುಗೆಯನ್ನೂ ಚೆನ್ನಾಗಿಯೇ ಮಾಡುತ್ತಿದ್ದರು. ಕರಿಯುವುದರಲ್ಲಿ ಮಾತ್ರ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ನಮ್ಮ ಕಡೆ ಶುಭಕಾರ್ಯಕ್ಕೆ ತಿಂಡಿ ಕರಿಯುವುದನ್ನು 'ಬಾಣಲೆ ಇಡುವುದು' ಅನ್ನುತ್ತಾರೆ. ಅದು ಬರೀ ಅಡುಗೆ ಕೆಲಸವಲ್ಲ, ಮದುವೆಯೋ ಸೀಮಂತವೋ ನಿಜವಾಗಿ ಶುರುವಾಗುವುದೇ ಅಲ್ಲಿಂದ. ಮುತ್ತೈದೆಯೊಬ್ಬರು ಒಲೆಗೆ ಅರಿಸಿನ ಕುಂಕುಮ ಇಟ್ಟು, ಎಣ್ಣೆ ಕಾಯಿಸಿ, ಮೊದಲು ಬೆಂದದ್ದನ್ನು ಗಣಪನ ಹೆಸರಲ್ಲಿ ಎತ್ತಿಡಬೇಕು. ಬಾಣಲೆಯ ಹತ್ತಿರ ಯಾರೂ ಎಣ್ಣೆಯ ಮಾತೆತ್ತುವಂತಿಲ್ಲ. ಎತ್ತಿದರೆ ಹಿಟ್ಟು ಎಣ್ಣೆ ಕುಡಿಯುತ್ತದಂತೆ. ನಮ್ಮ ಬೀದಿಯಲ್ಲಾಗಲಿ, ನಮ್ಮ ಹೊಲವಿರುವ ಮಧುರೆಯ ಕಡೆಯಾಗಲಿ, ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಛತ್ರದವರಿಗೆ ಹೇಳುವ ಮುಂಚೆ ಅತ್ತೆಗೆ ಹೇಳುತ್ತಿದ್ದರು. ನಡುಮನೆಯಲ್ಲಿ ಹೆಂಗಸರೆಲ್ಲ ಸುತ್ತ ಕೂತು ಹಿಟ್ಟು ಹೊಸೆದು ಕೋಡುಬಳೆ ಸುತ್ತುವುದು, ಅತ್ತೆ ಒಬ್ಬರೇ ಬಾಣಲೆಯ ಪಕ್ಕ ಮಣೆ ಹಾಕಿಕೊಂಡು ಕೂರುವುದು. ನಾನು ಸೇರಿದಂತೆ ಮಿಕ್ಕವರೆಲ್ಲ ಸುತ್ತುವವರು. ಅಷ್ಟು ವರ್ಷದಲ್ಲಿ ನನಗೆ ಬಡ್ತಿ ಸಿಗಲಿಲ್ಲ, ನಾನೂ ಅರ್ಜಿ ಹಾಕಲಿಲ್ಲ.

ಮನೆಯಲ್ಲಿ ಬಾಣಲೆ ಇಟ್ಟ ದಿನ ನಮ್ಮ ಮಾವ ಬೆಂಕಿಪೊಟ್ಟಣ ಕೇಳುವ ನೆಪದಲ್ಲಿ ಅಡುಗೆಮನೆ ಬಾಗಿಲಿಗೆ ಬರುತ್ತಿದ್ದರು. ಅವರು ಬೀಡಿ ಬಿಟ್ಟು ಎಷ್ಟೋ ಕಾಲವಾಗಿತ್ತು. "ಗಣಪಂಗೆ ಎತ್ತಿಟ್ಟಾಯ್ತಾ?" ಅನ್ನುತ್ತಿದ್ದರು. ಅತ್ತೆ ತಿರುಗಿಯೂ ನೋಡದೆ ಒಂದು ಕೋಡುಬಳೆಯನ್ನು ಹಿಂದಕ್ಕೆ ಚಾಚುತ್ತಿದ್ದರು. ಅವರಿಬ್ಬರ ನಡುವೆ ಪ್ರೀತಿಯ ಮಾತು ಅಂತ ನಾನು ಕಿವಿಯಾರೆ ಕೇಳಿದ್ದು ಅದೊಂದೇ.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಮಾವ ಹೋದರು. ಮಲಗಿದವರು ಏಳಲಿಲ್ಲ, ಅಷ್ಟೇ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಬಾಣಲೆ ಇಡುವಂತಿಲ್ಲ. ಯುಗಾದಿಗೆ, ಗೌರಿಗೆ, ದೀಪಾವಳಿಗೆ ನೆಂಟರು, ಅಕ್ಕಪಕ್ಕದವರು ಅವರವರ ಮನೆಯ ವಡೆ, ಕಜ್ಜಾಯ ತಂದುಕೊಟ್ಟರು. ಅತ್ತೆ ಎಲ್ಲವನ್ನೂ ಇಸ್ಕೊಂಡು, ನಮಗೆಲ್ಲ ಹಂಚಿ, ತಾವು ಮುಟ್ಟುತ್ತಿರಲಿಲ್ಲ. ವರ್ಷ ತುಂಬಿತು, ಕಾರ್ಯ ಮುಗಿಯಿತು. ಇನ್ನೇನು ಅತ್ತೆ ಮಣೆ ಎಳೆದುಕೊಂಡು ಕೂರುತ್ತಾರೆ ಅಂತ ನಾವೆಲ್ಲ ಕಾದೆವು. ಅವರು ಕೂರಲಿಲ್ಲ. ಮಂಡಿ ನೋವು ಅಂದರು. ಯಜಮಾನರು ಮಂಡಿಗೆ ಎಣ್ಣೆ ತಂದುಕೊಟ್ಟರು. ಗಂಡು ಮಕ್ಕಳಿಗೆ ಹೊಳೆಯುವುದು ಅಷ್ಟೇ.

ನನಗೂ ಹೊಳೆದದ್ದು ವೈಶಾಖದಲ್ಲಿ. ಎದುರು ಮನೆಯ ಸರೋಜಮ್ಮ ಚಿಕ್ಕ ಮಗಳ ಮದುವೆಗೆ ಕರೆಯಲು ಬಂದರು. ಅವರ ದೊಡ್ಡ ಮಗಳ ಮದುವೆಗೆ ಬಾಣಲೆ ಇಟ್ಟಿದ್ದವರು ನಮ್ಮತ್ತೆ. ಆ ಮದುವೆಯ ಚಕ್ಕುಲಿಯನ್ನು ಗಂಡಿನ ಕಡೆಯವರು ಚೀಲದಲ್ಲಿ ತುಂಬಿಕೊಂಡು ಹೋಗಿದ್ದರೆಂದು ಸರೋಜಮ್ಮ ವರ್ಷಗಟ್ಟಲೆ ಹೇಳಿಕೊಂಡು ನಕ್ಕಿದ್ದರು. ಅವತ್ತು ನನಗೆ ಕುಂಕುಮ ಕೊಟ್ಟು, ಪತ್ರಿಕೆ ಕೊಟ್ಟು, ಅತ್ತೆಯ ಕಡೆ ತಿರುಗಿ, "ಈ ಸಲ ಎಲ್ಲ ಕಂಟ್ರಾಕ್ಟಿಗೇ ಕೊಟ್ಬಿಟ್ಟಿದ್ದೀವಿ ಹೊಂಬಾಳಮ್ಮ. ನಿಮಗ್ಯಾಕೆ ತೊಂದ್ರೆ. ಊಟದ ಹೊತ್ತಿಗೆ ಬಂದ್ಬಿಡಿ," ಅಂದರು. ಕೆಟ್ಟ ಹೆಂಗಸಲ್ಲ ಸರೋಜಮ್ಮ. ಮಾವ ಹೋದಾಗ ಹನ್ನೊಂದು ದಿನವೂ ನಮ್ಮ ಮನೆಗೆ ಕಾಫಿ ತಂದವರು. ಮಾತು ಹೇಳುವಾಗ ಅವರ ಕಣ್ಣು ನೆಲ ನೋಡುತ್ತಿತ್ತು. ಅತ್ತೆ, "ಆಗ್ಲಿ ತಾಯಿ, ಒಳ್ಳೇದಾಗ್ಲಿ," ಅಂದರು.

ಅವರು ಹೋದ ಮೇಲೆ ಅತ್ತೆ ಸೆರಗಿನಿಂದ ಮಣೆ ಒರೆಸಿ ಗೋಡೆಗೆ ಒರಗಿಸಿದರು. "ಇನ್ಮೇಲೆ ಈ ಮನೇಲಿ ಬಾಣ್ಲಿ ನೀನು ಇಡಮ್ಮ. ನನ್ನ ಕೈ ಬ್ಯಾಡ."

"ಯಾರು ಹೇಳಿದ್ದು ಬೇಡ ಅಂತ?" ಅಂದೆ. ನನಗೆ ಸಿಟ್ಟು ಬೇಗ.

"ಯಾರೂ ಹೇಳ್ಬೇಕಾಗಿಲ್ಲ. ನಾನೂ ಎಷ್ಟು ಜನನ್ನ ಹಿಂಗೇ ದೂರ ಇಟ್ಟಿಲ್ವ. ನಮ್ಮ ದೊಡ್ಡತ್ತೆ ಗಂಡ ಸತ್ತ್ ಮೇಲೆ ಒಲೆ ಹತ್ರ ಬಂದಿದ್ದು ನಾನಂತೂ ನೋಡ್ಲಿಲ್ಲ. ಬಾ ಅಂತ ಕರೀಲೂ ಇಲ್ಲ."

ಆಫೀಸಿನಲ್ಲಿ ಹೆಡ್ ಮಾಸ್ಟರ ಬಾಯನ್ನೇ ಮುಚ್ಚಿಸುವ ನಾನು ಅವತ್ತು ಅಡುಗೆಮನೆಯಲ್ಲಿ ಸುಮ್ಮನೆ ಪಾತ್ರೆಗಳನ್ನು ಸದ್ದು ಮಾಡಿ ಜೋಡಿಸಿದೆ. ಅತ್ತೆ ದಿನದ ಅಡುಗೆಯನ್ನೂ ಮೆಲ್ಲಮೆಲ್ಲಗೆ ನನ್ನ ಕೈಗೆ ದಾಟಿಸತೊಡಗಿದರು. ಹಜಾರದ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಪಕ್ಕದ ಮನೆಯ ಮಗ್ಗದ ಸದ್ದು ಕೇಳುತ್ತಾ ಕೂರುವುದು, ಕರೆದಾಗ ಬಂದು ಊಟ ಮಾಡುವುದು. ನನ್ನ ಸಾರನ್ನು ತಿಂದು ಒಂದು ಮಾತೂ ಅನ್ನುತ್ತಿರಲಿಲ್ಲ. ಉಪ್ಪು ಹೆಚ್ಚಾಗಿದೆ ಅಂತಲಾದರೂ ಅನ್ನಲಿ ಎಂದು ನಾನು ಬೇಕೆಂದೇ ಒಂದು ದಿನ ಹೆಚ್ಚಿಗೆ ಹಾಕಿದೆ. ನೀರು ಕುಡಿದು ಎದ್ದು ಹೋದರು. ಈ ಹೆಂಗಸು ಹೀಗೇ ಕುರ್ಚಿಯಲ್ಲಿ ಕೂತು ಕೂತು ಒಂದು ದಿನ ಎದ್ದೇಳದೆ ಹೋಗಿಬಿಟ್ಟರೆ ಅಂತ ನನಗೆ ಭಯವಾಯಿತು. ಅತ್ತೆ ಅಂದರೆ ನನಗೆ ಇಷ್ಟು ಬೇಕಾದವರು ಅಂತ ನನಗೇ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆ ಹೊತ್ತಿಗಾಗಲೇ ನಮ್ಮ ಮಗಳು ಮೇಘನಾ ಬಸುರಿಯಾಗಿದ್ದಳು. ಅವಳ ಸಂಸಾರ ಬೂದಿಗೆರೆಯ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ. ಐದನೇ ತಿಂಗಳಲ್ಲಿ ನಾಲ್ಕು ದಿನ ಇರಲು ಬಂದವಳು ಚಪ್ಪಲಿ ಬಿಡುವ ಮುಂಚೆಯೇ, "ಅಜ್ಜಿ, ನಂಗೆ ನಿನ್ನ ಕೋಡುಬಳೆ ಬೇಕು," ಅಂದಳು. ಅಂಗಡಿಯದು ತರಿಸಿದೆವು, ಒಂದು ಕಚ್ಚಿ ಪಕ್ಕಕ್ಕಿಟ್ಟಳು. ಇನ್ನೊಂದು ಅಂಗಡಿಯದು ತರಿಸಿದೆವು, ಮೂಸಿ ಪಕ್ಕಕ್ಕಿಟ್ಟಳು. ನಾನು ಮಾಡಿಕೊಡಲಾ ಅಂದೆ. "ಅಮ್ಮ, ಬೇಜಾರ್ ಮಾಡ್ಕೋಬೇಡ," ಅಂದಳು. ಅದು ನಾನು ಮಾಡಿದ್ದು ಬೇಡ ಅನ್ನುವುದಕ್ಕೆ ಅವಳ ಮರ್ಯಾದೆಯ ಮಾತು.

ಅತ್ತೆಗೆ ಧರ್ಮಸಂಕಟ. ಬಸುರಿ ಆಸೆಪಟ್ಟದ್ದನ್ನು ಕೊಡದಿದ್ದರೆ ಹುಟ್ಟುವ ಕೂಸಿಗೆ ಕಿವಿ ಸೋರುತ್ತದೆ ಅಂತ ನಮ್ಮ ಕಡೆಯ ನಂಬಿಕೆ. ಕೊಡೋಣವೆಂದರೆ, ಬಸುರಿಗೆ ಬಾಣಲೆ ಇಡಬೇಕಾದ್ದು ಮುತ್ತೈದೆಯ ಕೈ. ಎರಡೂ ಅವರೇ ನಂಬಿದ ಶಾಸ್ತ್ರ. ಇಡೀ ದಿನ ಹಜಾರದಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಹಜಾರಕ್ಕೆ ಓಡಾಡಿದರು. ಕೊನೆಗೆ, "ಇನ್ನೇನಾದ್ರೂ ಕೇಳೇ ಪುಟ್ಟಿ, ನಂದು ಕೈ ಬ್ಯಾಡ ಕಣೆ," ಅಂದರು. ಮೇಘನಾಗೆ ಅರ್ಥವಾಗಲಿಲ್ಲ. ನಾನು ಒಳಗೆ ಕರೆದು ಹೇಳಿದೆ. ಅವಳು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮೂಗೊರೆಸಿಕೊಂಡು ಫೋನು ಕೈಗೆತ್ತಿಕೊಂಡು ಏನೋ ಒತ್ತಿದಳು. ಅವಳು ವಾಪಸು ಹೋಗುವ ಮುಂಚೆಯೇ ಹುಡುಗನೊಬ್ಬ ಬಂದು ಬಾಗಿಲಲ್ಲಿ ಒಂದು ದೊಡ್ಡ ಪೆಟ್ಟಿಗೆ ಇಳಿಸಿಹೋದ.

"ಅಜ್ಜಿ, ಇದು ಗಾಳೀಲೇ ಕರಿಯತ್ತೆ," ಅಂದಳು ಮೇಘನಾ.

"ಗಾಳೀಲಿ ಬಟ್ಟೆ ಒಣಗ್ತಾವೆ," ಅಂದರು ಅತ್ತೆ, ಕುರ್ಚಿ ಬಿಟ್ಟು ಏಳದೆ.

ಹಾಗಾಗಿ ಮೊದಲು ಕಲಿಯಬೇಕಾದವಳು ನಾನಾದೆ. ಫೋನಿನಲ್ಲಿ ವಿಡಿಯೊ ನೋಡಿದೆ. ಅದರಲ್ಲಿ ಎಲ್ಲರೂ ನಗುನಗುತ್ತಾ ಡ್ರಾಯರ್ ಎಳೆಯುತ್ತಾರೆ, ಎಲ್ಲವೂ ಹೊಂಬಣ್ಣಕ್ಕೆ ಬಂದಿರುತ್ತದೆ. ನಾನು ಧೈರ್ಯ ಮಾಡಿ ಮೆಣಸಿನಕಾಯಿ ಬಜ್ಜಿಯಿಂದ ಶುರು ಮಾಡಿದೆ. ಕಡಲೆಹಿಟ್ಟಿನಲ್ಲಿ ಅದ್ದಿ ಜಾಲರಿಯ ಮೇಲೆ ಸಾಲಾಗಿ ಮಲಗಿಸಿದೆ. ತೆಗೆದು ನೋಡಿದರೆ ಮೆಣಸಿನಕಾಯಿ ಬೆತ್ತಲೆಯಾಗಿ ಮೇಲೆ, ಹಿಟ್ಟೆಲ್ಲ ತೂತುಗಳಿಂದ ಇಳಿದು ಕೆಳಗೆ ಒಣಗಿ ಕೂತಿದೆ. ಅದನ್ನು ಚಾಕುವಿನಿಂದ ಕೆತ್ತಿ ತೆಗೆಯಲು ಒಂದು ಭಾನುವಾರ ಹೋಯಿತು. ಮುಂದಿನ ಸಲ ಹಪ್ಪಳ. ಹಪ್ಪಳದಲ್ಲಿ ಏನು ತಪ್ಪಾಗಲು ಸಾಧ್ಯ ಅಂತ ನೀವೂ ಅಂದುಕೊಳ್ಳುತ್ತೀರಿ. ಮಿಷನ್ನಿನೊಳಗೆ ಗಾಳಿ ಬೀಸಿದ್ದೇ ತಡ, ಹಪ್ಪಳ ಹಾರಿ ಮೇಲಿನ ಕಾದ ಕಾಯಿಲ್‌ಗೆ ಅಂಟಿಕೊಂಡು, ಅಲ್ಲೇ ಕಪ್ಪಗಾಗಿ, ಅಡುಗೆಮನೆಯೆಲ್ಲ ಹೊಗೆ. ನಾನು ಪ್ಲಗ್ ಕಿತ್ತು, ಕೆಮ್ಮುತ್ತಾ, ಮಿಷನ್ನಿಗೆ ಬಾಯಿಗೆ ಬಂದದ್ದು ಬೈಯುತ್ತಾ ತಿರುಗಿದರೆ, ಬಾಗಿಲಲ್ಲಿ ಅತ್ತೆ ನಿಂತಿದ್ದಾರೆ. ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಾರೆ. ಅಳುತ್ತಿದ್ದಾರೇನೋ ಅಂದುಕೊಂಡೆ. ನೋಡಿದರೆ ಭುಜ ಕುಣಿಯುವ ಹಾಗೆ ನಗುತ್ತಿದ್ದಾರೆ. ಮಾವ ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ. ಆ ಹಪ್ಪಳ ಹಾರಿದ್ದಕ್ಕೆ ನಾನು ಇವತ್ತಿಗೂ ಕೃತಜ್ಞಳು.

ಆಮೇಲೆ ಕೋಡುಬಳೆ. ಹಿಟ್ಟು ನಾನೇ ಕಲಸಿದೆ, ನಾನೇ ಸುತ್ತಿದೆ, ನಾನೇ ಬೇಯಿಸಿದೆ. ಯಜಮಾನರು ಒಂದನ್ನು ಬಾಯಿಗಿಟ್ಟು, ತೆಗೆದು, ಬೆಳಕಿಗೆ ಹಿಡಿದು ನೋಡಿ, "ಇದನ್ನ ಮುರಿಯಕ್ಕೆ ನಮ್ ಫ್ಯಾಕ್ಟ್ರೀಗೆ ತಗೊಂಡೋಗ್ಬೇಕು," ಅಂದರು. ಎಂದೂ ಒಂದು ಮೊಟ್ಟೆ ಬೇಯಿಸದ ಮನುಷ್ಯ. ನಾನು ತಟ್ಟೆ ಕಿತ್ತುಕೊಂಡೆ.

ಅತ್ತೆ ಅವತ್ತು ಒಳಗೆ ಬಂದರು. ಕೋಡುಬಳೆಯನ್ನು ನೋಡಲಿಲ್ಲ, ಮಿಷನ್ನನ್ನು ನೋಡಿದರು. ಸುತ್ತ ಬಂದು, ತಣ್ಣಗಿದೆಯಾ ಅಂತ ಮುಟ್ಟಿ, ಕೋರ್ಟಿನಲ್ಲಿ ಪ್ರಶ್ನೆ ಕೇಳುವವರ ಹಾಗೆ ಶುರು ಮಾಡಿದರು.

"ಇದ್ರೊಳಗೆ ಎಣ್ಣೆ ಕಾಯ್ತದಾ?"

"ಇಲ್ಲ ಅತ್ತೆ. ಮೇಲೆ ಒಂಚೂರು ಸವರೋದು ಅಷ್ಟೇ."

"ಉರಿ?"

"ಇಲ್ಲ. ಕರೆಂಟು."

"ತಂದಾಗ ಕುಂಕುಮ ಇಟ್ಯಾ?"

"ಇಲ್ಲ. ಇಡ್ಬೇಕಾಗಿತ್ತಾ?"

ಅವರು ಡ್ರಾಯರ್ ಎಳೆದು ಒಳಗೆ ಇಣುಕಿ, ಮತ್ತೆ ತಳ್ಳಿದರು. "ಒಲೆ ಅಲ್ಲ, ಬಾಣ್ಲಿ ಅಲ್ಲ. ಹಂಗಾದ್ರೆ ಇದಕ್ಕೆ ಶಾಸ್ತ್ರ ಇಲ್ಲ," ಅಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

ನಾನು ಬಾಯಿ ಬಿಟ್ಟರೆ ಎಲ್ಲಿ ಮನಸ್ಸು ಬದಲಾಯಿಸುತ್ತಾರೋ ಅಂತ ಅಕ್ಕಿಹಿಟ್ಟಿನ ಡಬ್ಬ, ಚಿರೋಟಿ ರವೆ, ಹುರಿಗಡಲೆ, ಒಣಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ ಎಲ್ಲವನ್ನೂ ತಂದು ಮುಂದಿಟ್ಟೆ. ಆದರೆ ಹಿಟ್ಟಿಗೆ ಕೈ ಹಾಕುವ ಹೊತ್ತಿಗೆ ಇನ್ನೊಂದು ತೊಡಕು. ಕೋಡುಬಳೆಯ ಹಿಟ್ಟಿಗೆ ಕಾದ ಎಣ್ಣೆ ಸುರಿದು ಕಲಸಬೇಕು. ಇಲ್ಲದಿದ್ದರೆ ಗರಿಗರಿ ಬರುವುದಿಲ್ಲ. ಎಣ್ಣೆ ಕಾಯಿಸಬೇಕು ಅಂದರೆ ಮತ್ತೆ ಒಲೆ, ಮತ್ತೆ ಬಾಣಲೆ. ಅತ್ತೆಯ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ಆಮೇಲೆ ಅವರೇ, "ಒಗ್ಗರಣೆ ಸೌಟು ಕೊಡು. ದಿನಾ ಸಾರಿಗೆ ಒಗ್ಗರಣೆ ಹಾಕಲ್ವ, ಅದನ್ನ ಬಾಣ್ಲಿ ಇಟ್ರು ಅಂತಾರಾ ಯಾರಾದ್ರೂ?" ಅಂದರು. ಶಾಸ್ತ್ರ ಅನ್ನುವುದು ಅದನ್ನು ಚೆನ್ನಾಗಿ ಬಲ್ಲವರ ಕೈಯಲ್ಲಿ ಎಷ್ಟು ಮೆತ್ತಗಾಗುತ್ತದೆ ಅನ್ನುವುದನ್ನು ನಾನು ಅವತ್ತು ನೋಡಿದೆ.

ಇಷ್ಟಾದ ಮೇಲೆ ಕೋಡುಬಳೆ ಅದ್ಭುತವಾಗಿ ಬಂತು ಅಂತ ನೀವು ಅಂದುಕೊಂಡಿದ್ದರೆ ತಪ್ಪು. ಅತ್ತೆಯ ಮೊದಲ ಒಬ್ಬೆ ನನ್ನದಕ್ಕಿಂತ ಸ್ವಲ್ಪ ಮೇಲು, ಅಷ್ಟೇ. ಬೆಳ್ಳಗೆ ಬಿಳಿಚಿಕೊಂಡು, ಮೈಯೆಲ್ಲ ಬಿರುಕು ಬಿಟ್ಟುಕೊಂಡು ಹೊರಬಂದವು. ಅವರು ಜೀವನವಿಡೀ ಎಣ್ಣೆಯ ಸದ್ದು ಕೇಳಿ ಕರಿದವರು. ಗುಳ್ಳೆಯ ಸದ್ದು ಸಣ್ಣಗಾದರೆ ತೆಗೆಯುವುದು. ಈ ಮಿಷನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಗುಂಯ್ ಅನ್ನುತ್ತದೆ, ಒಳಗಿನ ಸುದ್ದಿ ಏನೂ ಹೇಳುವುದಿಲ್ಲ. "ಮೂಗಿಯಂಗದೆ ಕಣಮ್ಮ ಇದು," ಅಂದರು ಬೇಸರದಿಂದ. ಮತ್ತೆ ಮತ್ತೆ ಡ್ರಾಯರ್ ಎಳೆದು ನೋಡುವುದು, ಒಳಗಿನ ಬಿಸಿಯೆಲ್ಲ ಹೊರಗೆ ಹೋಗುವುದು. "ಅತ್ತೆ, ಸುಮ್ನಿರಿ, ಎಳೀಬೇಡಿ," ಅಂತ ನಾನು ಗದರಿದೆ. ಗದರಿ ನಾಲಿಗೆ ಕಚ್ಚಿಕೊಂಡೆ. ಆ ಅಡುಗೆಮನೆಯಲ್ಲಿ ಅಷ್ಟು ವರ್ಷ ಗದರಿಸಿಕೊಂಡವಳು ನಾನು. ಅತ್ತೆ ಮಗುವಿನಂತೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತರು.

ಆ ಆಷಾಢವೆಲ್ಲ ನಮ್ಮಿಬ್ಬರಿಗೂ ಒಂದೇ ತರಗತಿ. ಬಟನ್ನು, ಬಿಸಿ, ಹೊತ್ತು ನನ್ನ ಪಾಲು. ಹಿಟ್ಟು, ಖಾರ, ಸುತ್ತು ಅವರದು. ಬಳೆಯನ್ನು ಪೆನ್ಸಿಲಿನಷ್ಟು ಸಣ್ಣಗೆ ಹೊಸೆಯಬೇಕು ಅಂತ ಅವರು ಕಂಡುಕೊಂಡರು. ಮೊದಲು ಕಡಿಮೆ ಬಿಸಿಯಲ್ಲಿ ಒಳಗೆಲ್ಲ ಬೇಯಿಸಿ, ಆಮೇಲೆ ಎಣ್ಣೆ ಸವರಿ ಮಗುಚಿ, ಬಿಸಿ ಏರಿಸಬೇಕು ಅಂತ ನಾನು ಕಂಡುಕೊಂಡೆ. ಕೊಬ್ಬರಿ ಜಾಸ್ತಿಯಾದರೆ ಬೇಗ ಸೀಯುತ್ತದೆ ಅನ್ನುವುದನ್ನು ಇಬ್ಬರೂ ಸೇರಿ, ಒಬ್ಬರನ್ನೊಬ್ಬರು ದೂರುತ್ತಾ ಕಂಡುಕೊಂಡೆವು. ನಾನು ಸಂಜೆ ಆಫೀಸಿನಿಂದ ಬರುವ ಹೊತ್ತಿಗೆ ಅತ್ತೆ ಹಿಟ್ಟು ಕಲಸಿಟ್ಟು, ಒದ್ದೆ ಬಟ್ಟೆ ಮುಚ್ಚಿ, ಬಾಗಿಲಲ್ಲಿ ಕಾಯುತ್ತಿರುತ್ತಿದ್ದರು. "ಬೇಗ ಕೈಕಾಲು ತೊಳ್ಕೊ. ಇವತ್ತು ಓಮ ಜಾಸ್ತಿ ಹಾಕಿದೀನಿ." ನಡುವೆ ಒಂದು ದಿನ ಊಟಕ್ಕೆ ಕೂತಾಗ, "ಸಾರಿಗೆ ಉಪ್ಪು ಜಾಸ್ತಿ ಕಣಮ್ಮ," ಅಂದರು. ನನಗೆ ಅದು ಪ್ರಶಸ್ತಿ ಬಂದಷ್ಟು ಸಂತೋಷವಾಯಿತು. ಎದ್ದು ಹೋಗಿ ಸಾರಿಗೆ ನೀರು ಬೆರೆಸಿ ತಂದೆ.

ಕೊನೆಗೊಂದು ದಿನ ಸರಿಯಾಗಿ ಬಂತು. ಡ್ರಾಯರ್ ಎಳೆದಾಗ ಕೆಂಪಗೆ, ಒಂದೂ ಬಿರುಕಿಲ್ಲದೆ ಮಲಗಿದ್ದವು. ಅತ್ತೆ ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಮುರಿದರು. ಟಕ್ ಅಂದಿತು. ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದು, "ಎಣ್ಣೇದರಂಗೆ ಇಲ್ಲ," ಅಂದರು. ಇನ್ನೊಂದು ಚೂರು ಹಾಕಿಕೊಂಡರು. "ಆದ್ರೆ ಕೋಡುಬಳೆನೇ." ಮಾವ ಹೋದ ಮೇಲೆ ಅವರು ತಿಂದ ಮೊದಲ ಕುರುಕು ತಿಂಡಿ ಅದು. ಮಾರನೆಯ ದಿನವೇ ಯಜಮಾನರು ಬೂದಿಗೆರೆಗೆ ಡಬ್ಬ ಒಯ್ದರು. ಮೇಘನಾ ವಿಡಿಯೊ ಕಾಲ್ ಮಾಡಿ, ಮಾತಾಡದೆ, ಫೋನಿನ ಹತ್ತಿರ ಬಾಯಿ ತಂದು ಕುರುಂ ಕುರುಂ ಅಂತ ತಿಂದು ತೋರಿಸಿದಳು. ಅತ್ತೆ, "ನಿಧಾನ ಕಣೇ, ನೆತ್ತಿಗೇರ್ತದೆ," ಅಂದರು. ಅವರ ಕಣ್ಣು ತುಂಬಿತ್ತು.

ಅಲ್ಲಿಗೆ ಮುಗಿಯಿತು ಅಂತ ನಾನು ಸಮಾಧಾನ ಮಾಡಿಕೊಂಡಿದ್ದೆ. ಆದರೆ ಏಳನೇ ತಿಂಗಳಲ್ಲಿ, ನಮ್ಮ ಮನೆಯಲ್ಲೇ ಮೇಘನಾಳ ಸೀಮಂತ ಇಟ್ಟುಕೊಂಡಾಗ, ಅತ್ತೆ ಒಂದು ಡಬ್ಬ ಕೋಡುಬಳೆ ಮಾಡಿ ನನ್ನ ಕೈಗೆ ಕೊಟ್ಟು, "ಇದು ಊಟಕ್ಕೆ ಬಡ್ಸು. ಅವಳ ಮುಂದಿನ ತಟ್ಟೇಲಿ ಇಡ್ಬ್ಯಾಡ," ಅಂದು ಒಳಕೋಣೆಗೆ ಹೋಗಿ ಕೂತರು. ಮಿಷನ್ನಿಗೆ ಶಾಸ್ತ್ರ ಇಲ್ಲದಿರಬಹುದು, ಸೀಮಂತದ ತಟ್ಟೆಗೆ ಇದೆಯಲ್ಲ. ಹಸೆಯ ಮೇಲೆ ಕೂತ ಮೇಘನಾ ತನ್ನ ಮುಂದಿನ ತಟ್ಟೆಗಳನ್ನು ಒಂದೊಂದಾಗಿ ನೋಡಿ, "ಅಜ್ಜಿ ಕೋಡುಬಳೆ ಎಲ್ಲಿ?" ಅಂದಳು. ನಮ್ಮ ಯಜಮಾನರ ಚಿಕ್ಕಮ್ಮ, "ಅದು ಊಟಕ್ಕದೆ ಬಿಡವ್ವ. ಇಲ್ಲಿಗ್ ಬ್ಯಾಡ," ಅಂದರು.

"ಯಾಕೆ ಚಿಕ್ಕಜ್ಜಿ? ಎರಡು ತಿಂಗಳಿಂದ ನಾನು ತಿಂತಿರೋದೇ ಅದು. ಒಳಗಿರೋ ಮಗೂನೂ ಅದನ್ನೇ ತಿಂದು ಒದೀತಿದೆ. ಇವತ್ತೊಂದಿನ ತಟ್ಟೇಲಿಟ್ರೆ ಏನಾಗತ್ತೆ?"

ಜಗಳದ ದನಿಯಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ ಹಾಗಿತ್ತು. ಅಲ್ಲೇ ಕೂತಿದ್ದ ಸರೋಜಮ್ಮ ಸೆರಗಿನ ಅಂಚನ್ನು ಸುತ್ತುತ್ತಾ ಬಿಚ್ಚುತ್ತಾ ಇದ್ದರು. ನಾನು ಎದ್ದು ಹೋಗಿ ಡಬ್ಬ ತಂದು ತಟ್ಟೆಗೆ ಸುರಿದೆ. ಕೋಣೆಯೊಳಗಿದ್ದ ಅತ್ತೆಗೆ ಎಲ್ಲವೂ ಕೇಳಿಸಿತ್ತು.

ಸಂಜೆ ನೆಂಟರೆಲ್ಲ ಹೋದ ಮೇಲೆ ಜಗಲಿಯಲ್ಲಿ ಅತ್ತೆಯೂ ನಾನೂ ಕೂತಿದ್ದೆವು. ಅವರು ತಮ್ಮ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದರು. "ಹಿಟ್ಟು ಕಲಸಿದ್ದು ಇದೇ ಕೈ," ಅಂದರು. "ಸುತ್ತಿದ್ದೂ ಇದೇ ಕೈ. ಮಿಷನ್ನು ಏನು ಮಾಡ್ತು, ಬಿಸಿಗಾಳಿ ಬಿಡ್ತು. ಪುಟ್ಟಿ ತಿಂದ್ಲು. ಕೂಸಿಗೆ ಏನೂ ಆಗ್ಲಿಲ್ಲ." ಸ್ವಲ್ಪ ಬಿಟ್ಟು, "ನಮ್ಮ ದೊಡ್ಡತ್ತೆ ಕೈನೂ ಹಿಂಗೇ ಇದ್ದಿರ್ಬೇಕು," ಅಂದರು. ಸುಮ್ಮನಿರುವುದು ನನಗೆ ಎಷ್ಟು ಕಷ್ಟ ಅಂತ ನಿಮಗೆ ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು. ಅವತ್ತು ಸುಮ್ಮನಿದ್ದೆ, ಏಕೆಂದರೆ ಅವರು ತಮ್ಮ ತೀರ್ಪನ್ನು ತಾವೇ ತಿದ್ದಿ ಬರೆಯುತ್ತಿದ್ದರು. ನಡುವೆ ಬೇರೆಯವರ 'ಹೌದು' ಕೂಡ ಬೇಕಿರಲಿಲ್ಲ.

ಕಾರ್ತಿಕದಲ್ಲಿ ಮೊಮ್ಮಗ ಹುಟ್ಟಿದ. ಕಿವಿ, ಮೂಗು, ಗಂಟಲು ಎಲ್ಲ ಸರಿಯಾಗಿವೆ. ಗಂಟಲು ಬೇಕಾದ್ದಕ್ಕಿಂತ ಜಾಸ್ತಿಯೇ ಸರಿಯಾಗಿದೆ. ಬಾಣಂತನ ನಮ್ಮ ಮನೆಯಲ್ಲೇ. ಇವತ್ತು ಬೆಳಿಗ್ಗೆ ಅತ್ತೆ ಮಗುವಿಗೆ ನೀರೆರೆದು ಬಂದು, ಕೈ ಒರೆಸಿಕೊಳ್ಳುತ್ತಾ, ಮಾಮೂಲಿನ ವಿಷಯ ಹೇಳುವವರ ಹಾಗೆ, "ನಾಮಕರಣಕ್ಕೆ ಇವತ್ತೇ ಬಾಣ್ಲಿ ಇಟ್ಬುಡ್ತೀನಿ. ಜಾಗ ಮಾಡಮ್ಮ," ಅಂದರು. ನಾನು ಮಿಷನ್ನಿನ ಮುಂದೆ ನಿಂತು ಕಣ್ಣೊರೆಸಿಕೊಂಡದ್ದು ಅದಕ್ಕೆ.

ಮಧ್ಯಾಹ್ನ ಎಲ್ಲ ಸಿದ್ಧ ಮಾಡಿದೆವು. ಅತ್ತೆಗೆ ಈಗ ನಿಜವಾಗಿಯೂ ಮಂಡಿ ನೋವು, ಹಾಗಾಗಿ ಗ್ಯಾಸಿನ ಒಲೆಯನ್ನು ಕೆಳಗಿಳಿಸದೆ, ಕಟ್ಟೆಯ ಮುಂದೆ ಎತ್ತರದ ಸ್ಟೂಲು ಹಾಕಿದೆ. ಕುಂಕುಮದ ಭರಣಿಯನ್ನು ಪಕ್ಕದಲ್ಲಿಟ್ಟು ದೂರ ಸರಿದೆ. ನೀನು ಇಡು ಅನ್ನುತ್ತಾರೇನೋ ಅಂತ ಕಾದೆ. ಅತ್ತೆ ಭರಣಿಯ ಮುಚ್ಚಳ ತೆಗೆದು ಒಂದು ಗಳಿಗೆ ನೋಡಿದರು. ಆಮೇಲೆ ಉಂಗುರದ ಬೆರಳಿನಿಂದ ಒಲೆಗೆ ತಾವೇ ಕುಂಕುಮ ಇಟ್ಟು, ಬೆರಳನ್ನು ಸೆರಗಿಗೆ ಒರೆಸಿಕೊಂಡು, ಬೆಂಕಿ ಹಚ್ಚಿದರು.

ಎಣ್ಣೆ ಕಾದು ಮೊದಲ ಕೋಡುಬಳೆ ಬಿದ್ದು ಸದ್ದು ಮಾಡುವ ಹೊತ್ತಿಗೆ, ಸಹಾಯಕ್ಕೇನಾದರೂ ಬೇಕಾ ಅಂತ ಕೇಳಿಕೊಂಡು ಸರೋಜಮ್ಮ ಒಳಗೆ ಬಂದರು. ಅಡುಗೆಮನೆಯ ಬಾಗಿಲಿಗೆ ಬಂದವರು ಅತ್ತೆ ಕೂತಿರುವುದನ್ನು ನೋಡಿ ನಿಂತರು. ನಾನು ಹಿಟ್ಟು ಹೊಸೆಯುವುದನ್ನು ನಿಲ್ಲಿಸಿದೆ. ಒಂದು ಮಾತು ಅಂದರೂ ಏನು ಉತ್ತರ ಕೊಡಬೇಕು ಅಂತ ನಾಲಿಗೆಯ ತುದಿಯಲ್ಲಿ ಜೋಡಿಸಿಟ್ಟುಕೊಂಡೆ. ಅತ್ತೆ ತಿರುಗಲಿಲ್ಲ, ಜಾಲರಿ ಸೌಟಿನಿಂದ ಎಣ್ಣೆಯೊಳಗಿನ ಬಳೆಗಳನ್ನು ಮಗುಚುತ್ತಿದ್ದರು. ಸರೋಜಮ್ಮ ಚಪ್ಪಲಿ ಬಿಟ್ಟು ಬಂದಿದ್ದೀನಾ ಅಂತ ಇನ್ನೊಮ್ಮೆ ತಮ್ಮ ಕಾಲು ನೋಡಿಕೊಂಡರು. ಸಿಂಕಿನ ಹತ್ತಿರ ಹೋಗಿ ಕೈ ತೊಳೆದರು. ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತು, ಪಾತ್ರೆಯಿಂದ ಒಂದು ಹಿಡಿ ಹಿಟ್ಟು ಕಿತ್ತುಕೊಂಡು ಹೊಸೆಯತೊಡಗಿದರು.

ಅತ್ತೆ ಆಗ ಕತ್ತು ತಿರುಗಿಸಿ ಅವರ ಕೈಯನ್ನು ನೋಡಿದರು.

"ದಪ್ಪ ಆಯ್ತು ಸರೋಜ. ಒಳಗೆ ಬೇಯಲ್ಲ."

ಸರೋಜಮ್ಮ ಸುತ್ತಿದ್ದನ್ನು ಬಿಚ್ಚಿ, ಉಂಡೆ ಮಾಡಿ, ಮತ್ತೆ ಮೊದಲಿನಿಂದ ಹೊಸೆದರು.